ಡೈರಿ ಆತ್ಮಕಥನವಾಗದೆ ಡೈರಿಯಾಗಿಯೇ ಉಳಿಯುತ್ತಿತ್ತು: ಸರಿಹೋದ ಕ್ರಮ

ಡೈರಿಯನ್ನು ತಾರೀಖಿನ ಪ್ರಕಾರ ಟೈಪ್ ಮಾಡಿದರೆ ಪುಟ ತುಂಬುತ್ತದೆ, ಆದರೆ ಯಾರು ಯಾರು, ಯಾವುದು ಮುಖ್ಯ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಭಾಷೆ ತಿದ್ದಿದರೂ, ಸಪ್ಪೆ ದಿನಗಳನ್ನು ಅಳಿಸಿದರೂ ಫಲವಿಲ್ಲ. ‘ಮನೆ’, ‘ಕೆಲಸ’ ಎಂದು ವಿಷಯವಾರು ಗುಂಪು ಮಾಡಿದಾಗಲಂತೂ ಕಾರಣ ಒಂದು ಅಧ್ಯಾಯದಲ್ಲಿ, ಪರಿಣಾಮ ಇನ್ನೊಂದರಲ್ಲಿ ಉಳಿಯಿತು.

ಸರಿಹೋದದ್ದು ದೃಶ್ಯಗಳಾಗಿ ಒಡೆದಾಗ. ಹಳೆಯ ನುಡಿ ಫಾಂಟಿನ ಕಡತವಿದ್ದರೆ ಮೊದಲು ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸಿ. ಇಲ್ಲವಾದರೆ ಹೆಸರು ಹುಡುಕಿದರೆ ಸಿಗದು. ಉಚಿತ ಬರವಣಿಗೆ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ಪ್ರತಿ ನಮೂದಿನ ಮೇಲೆ ಒಂದೇ ಸಾಲು ಬರೆಯಿರಿ: ಯಾರು, ಎಲ್ಲಿ, ಏನು ಬದಲಾಯಿತು. ಆ ಸಾಲಿನಲ್ಲಿ ಕಂಟ್ರೋಲ್ ಹಿಡಿದು 2 ಒತ್ತಿದರೆ ಅದು ಶೀರ್ಷಿಕೆಯಾಗುತ್ತದೆ. ‘ಏನು ಬದಲಾಯಿತು’ ಎಂದು ಬರೆಯಲಾಗದ ನಮೂದು ದೃಶ್ಯವಲ್ಲ. ಅದನ್ನು ಬೇರೆ ಕಡತದಲ್ಲಿಡಿ, ಎಸೆಯಬೇಡಿ. ಅಡುಗೆ, ಮಳೆ, ಬಸ್ ಚಾರ್ಜಿನ ವಿವರ ಮುಂದೆ ಅಲ್ಲಿಂದಲೇ ಬೇಕಾಗುತ್ತದೆ. ಎಫ್5 ಒತ್ತಿದರೆ ತೆರೆಯುವ, ಶೀರ್ಷಿಕೆಗಳ ಪಟ್ಟಿ ತೋರಿಸುವ ನ್ಯಾವಿಗೇಟರ್‌ನಲ್ಲಿ ಶೀರ್ಷಿಕೆಯನ್ನು ಸರಿಸಿದರೆ ಅದರ ಕೆಳಗಿನ ಪಠ್ಯವೂ ಜೊತೆಗೇ ಸರಿಯುತ್ತದೆ.

ಆಮೇಲೆ ಡೈರಿ ಮುಚ್ಚಿಟ್ಟು ದೃಶ್ಯವನ್ನು ಹೊಸದಾಗಿ ಬರೆಯಬೇಕು. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ಡೈರಿಯ ವಾಕ್ಯ ಬರೆದವರಿಗೆ ಮಾತ್ರ ಅರ್ಥವಾಗುತ್ತದೆ: ‘ಅವರು ಮತ್ತೆ ಬಂದಿದ್ದರು’ ಅಂದರೆ ಯಾರು? ಬರೆದು ಮುಗಿದ ಮೇಲೆ ಡೈರಿ ತೆರೆದು ತಾರೀಖು, ಹೆಸರು, ಆಡಿದ ಮಾತು, ಇಷ್ಟನ್ನು ಮಾತ್ರ ತಾಳೆ ನೋಡಿ.

‘ಇವತ್ತು’, ‘ನಾಳೆ’ಗಳನ್ನು ‘ಅಂದು’, ‘ಮರುದಿನ’ ಮಾಡುವಾಗ ಒಂದೊಂದಾಗಿ ಬದಲಿಸಿ. ಸಂಭಾಷಣೆಯೊಳಗಿನ ‘ಇವತ್ತು’ ಹಾಗೇ ಇರಬೇಕು. ಕಥೆಗಾಗಿ ‘ನಾನು’ವನ್ನು ‘ಅವಳು’ ಮಾಡುವುದಾದರೆ ಹುಡುಕಿ ಬದಲಿಸುವ ದಾರಿ ಸಾಲದು. ‘ಹೋದೆ’ ‘ಹೋದಳು’ ಆಗಬೇಕು, ಪ್ರತಿ ಕ್ರಿಯಾಪದವನ್ನೂ ಕೈಯಾರೆ ತಿದ್ದಬೇಕು.