ವಿಶೇಷ ಕಾಳಜಿ ಬೇಕಾದ ದೊಡ್ಡ ನಾಯಿಯನ್ನು ಶೆಲ್ಟರ್‌ನಿಂದ ಮನೆಗೆ ತರುವ ಮುಂಚೆ

ಗಜನನ್ನು ಶೆಲ್ಟರ್‌ನಿಂದ ಮನೆಗೆ ತರುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಅವನ ಕಾಲಿನ ಬಗ್ಗೆ. ಹಿಂದಿನ ಎಡಗಾಲು ಇಲ್ಲ, ಹೇಗೆ ಓಡಾಡುತ್ತಾನೆ, ಮೆಟ್ಟಿಲು ಹೇಗೆ ಹತ್ತುತ್ತಾನೆ, ಪಾಪ ಅಲ್ವಾ ಅಂತ. ಅವನ ತೂಕ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. 38 ಕೆಜಿ. ನಾಲ್ಕು ವರ್ಷ ಅವನ ಜೊತೆ ಕಳೆದ ಮೇಲೆ ಹೇಳುತ್ತಿದ್ದೇನೆ, ಮೂರು ಕಾಲು ಅವನಿಗೂ ನಮಗೂ ಎರಡೇ ತಿಂಗಳಲ್ಲಿ ಅಭ್ಯಾಸವಾಯಿತು, ಆದರೆ ಆ 38 ಕೆಜಿ ಇವತ್ತಿಗೂ ದಿನಾ ಲೆಕ್ಕಕ್ಕೆ ಬರುತ್ತದೆ. ಕಾರಿಗೆ ಹತ್ತಿಸುವಾಗ, ಸ್ನಾನ ಮಾಡಿಸುವಾಗ, ಮಾತ್ರೆ ಕೊಳ್ಳುವಾಗ, ನಡುರಾತ್ರಿ ಅವನಿಗೆ ಎದ್ದು ನಿಲ್ಲಲು ಆಗದೇ ಇದ್ದಾಗ.

ಹಾಗಾಗಿ ಕಣ್ಣೋ ಕಿವಿಯೋ ಕಾಲೋ ಸರಿ ಇಲ್ಲದ, ಇಲ್ಲಾ ಕೊನೆತನಕ ಔಷಧಿ ಬೇಕಾದ ದೊಡ್ಡ ನಾಯಿಯನ್ನು ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ, ಮೊದಲು ಕಾಯಿಲೆಯ ಹೆಸರು ಹಿಡಿದು ಕೂರಬೇಡಿ. ಆ ಕಾಯಿಲೆ ಅಷ್ಟು ದೊಡ್ಡ ಮೈಯಲ್ಲಿ ಇದ್ದರೆ ನಿಮ್ಮ ಮನೆಯಲ್ಲಿ ಒಂದು ದಿನ ಹೇಗೆ ಸಾಗುತ್ತದೆ ಅನ್ನೋದನ್ನು ಯೋಚಿಸಿ.

ಶೆಲ್ಟರ್‌ಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಸುತ್ತು ಬನ್ನಿ. ನಾಯಿ ಮಲಗುವ ಜಾಗಕ್ಕೂ ಉಚ್ಚೆಗೆ ಹೋಗುವ ಜಾಗಕ್ಕೂ ನಡುವೆ ಎಷ್ಟು ಮೆಟ್ಟಿಲಿದೆ ಎಣಿಸಿ. ಲಿಫ್ಟ್ ಇಲ್ಲದ ಮೂರನೇ ಮಹಡಿ ಆದರೆ, ಹಿಂಗಾಲು ಸೋತ ದೊಡ್ಡ ನಾಯಿಯನ್ನು ತರಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ. ಅದೇ ಮನೆಯಲ್ಲಿ ಕಿವುಡು ನಾಯಿ ಆರಾಮಾಗಿ ಇರಬಹುದು. 40 ಕೆಜಿ ಎತ್ತುವ ಶಕ್ತಿ ಮನೆಯಲ್ಲಿ ಎಷ್ಟು ಜನರಿಗಿದೆ? ಒಬ್ಬರಿಗೆ ಮಾತ್ರ ಅಂದರೆ, ಅವರು ಊರಲ್ಲಿ ಇಲ್ಲದ ದಿನ ಯಾರು ಬರುತ್ತಾರೆ? ಬಾಡಿಗೆ ಮನೆ ಆದರೆ ಮಾಲೀಕರ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು, ನಾಯಿಯ ಗಾತ್ರವನ್ನೂ ಸೇರಿಸಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಖರ್ಚಿಗೂ ಇದೇ ಲೆಕ್ಕ. ನಾಯಿಗಳ ಔಷಧಿಯ ಡೋಸ್ ಸಾಮಾನ್ಯವಾಗಿ ತೂಕದ ಮೇಲೆ ನಿಂತಿರುತ್ತದೆ, 10 ಕೆಜಿ ನಾಯಿಗೆ ಒಂದು ಮಾತ್ರೆ ಸಾಕಾದರೆ 40 ಕೆಜಿ ನಾಯಿಗೆ ಹೆಚ್ಚುಕಮ್ಮಿ ನಾಲ್ಕು. ಅರಿವಳಿಕೆ, ಹಾಸಿಗೆ, ಗಾಲಿ ಗಾಡಿ ಎಲ್ಲವೂ ಗಾತ್ರದ ಜೊತೆ ಏರುತ್ತವೆ. ದೊಡ್ಡ ನಾಯಿಗಳಿಗೆ ಮುಪ್ಪು ಬೇಗ ಬರುತ್ತದೆ ಅನ್ನೋದೂ ನೆನಪಿರಲಿ, ಎಷ್ಟೋ ದೊಡ್ಡ ತಳಿಗಳಲ್ಲಿ ಏಳೆಂಟು ವರ್ಷಕ್ಕೇ ಕೀಲುನೋವು ಶುರುವಾಗುತ್ತದೆ.

ಶೆಲ್ಟರ್‌ಗೆ ಒಂದು ಸಲ ಹೋಗಿ ನಿರ್ಧಾರ ಮಾಡಬೇಡಿ. ಬೇರೆ ಬೇರೆ ಹೊತ್ತಲ್ಲಿ ಎರಡು ಮೂರು ಸಲ ಹೋಗಿ. ಆಫೀಸಿನಲ್ಲಿ ಕೂತವರನ್ನು ಕೇಳುವುದರ ಜೊತೆಗೆ, ದಿನಾ ಅದಕ್ಕೆ ಊಟ ಹಾಕಿ ಗೂಡು ತೊಳೆಯುವವರನ್ನೂ ಮಾತಾಡಿಸಿ, ನಿಜವಾದ ಸಂಗತಿ ಗೊತ್ತಿರುವುದು ಅವರಿಗೆ. ಮಲಗಿದ್ದಾಗ ಎಬ್ಬಿಸಿದರೆ ಏನು ಮಾಡುತ್ತದೆ, ಪಾದ, ಕಿವಿ, ಬಾಯಿ ಮುಟ್ಟಲು ಬಿಡುತ್ತದಾ, ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದಾ, ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು, ಒದ್ದೆ ಮಾಡಿಕೊಳ್ಳುತ್ತದಾ, ಯಾರಾದರೂ ಮೊದಲು ಕರೆದುಕೊಂಡು ಹೋಗಿ ವಾಪಸ್ ತಂದುಬಿಟ್ಟಿದ್ದಾರಾ, ಬಿಟ್ಟಿದ್ದರೆ ಯಾಕೆ. ಎಕ್ಸ್‌ರೇ, ರಕ್ತಪರೀಕ್ಷೆ, ಔಷಧಿ ಚೀಟಿ, ಲಸಿಕೆ ಕಾರ್ಡ್ ಎಲ್ಲದರ ಪ್ರತಿ ಕೇಳಿ, ಒಪ್ಪಿಕೊಳ್ಳುವ ಮುಂಚೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ. ಸಾಧ್ಯವಾದರೆ ಕೆಲವು ವಾರದ ಮಟ್ಟಿಗೆ ಸಾಕಿ ನೋಡುತ್ತೇನೆ ಅಂತ ಕೇಳಿ, ಇಂಥ ನಾಯಿಗಳ ವಿಷಯದಲ್ಲಿ ಎಷ್ಟೋ ಶೆಲ್ಟರ್‌ಗಳು ಒಪ್ಪುತ್ತವೆ. ಗೂಡಿನಲ್ಲಿ ಮೂಲೆ ಹಿಡಿದು ಕೂತ ನಾಯಿ ಸಾಧು ಅಂತ ಅನಿಸುತ್ತದೆ, ಆದರೆ ಅದು ಹೆದರಿ ಮುದುಡಿ ಕೂತಿರಲೂಬಹುದು. ಅದರ ನಿಜವಾದ ಸ್ವಭಾವ ಗೊತ್ತಾಗುವುದು ಮನೆಗೆ ಬಂದು ಎಷ್ಟೋ ದಿನದ ಮೇಲೆ.

ನಮಗೆ ಕೊಟ್ಟ ಹಾಳೆಯಲ್ಲಿ ಗಜನ ಕಿವಿಯ ವಿಷಯವೇ ಇರಲಿಲ್ಲ. ಎರಡನೇ ದಿನ ಅವನು ಮಲಗಿದ್ದಾಗ ಪಕ್ಕದಲ್ಲೇ ಪಾತ್ರೆ ಕೈಜಾರಿ ಬಿತ್ತು, ಅವನು ಕಣ್ಣು ಕೂಡ ತೆರೆಯಲಿಲ್ಲ. ಆಗಲೇ ನಮಗೆ ಗೊತ್ತಾಗಿದ್ದು.

ಇನ್ನು ನೆಲದ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾವು ತಪ್ಪಿದ್ದು ಇಲ್ಲೇ. ಮೊದಲ ರಾತ್ರಿ ಗಜ ಬಾಗಿಲ ಹತ್ತಿರದ ಕಾಲೊರೆಸುವ ಮ್ಯಾಟ್ ಮೇಲೆ ಬಂದು ನಿಂತವನು ಅಲ್ಲಿಂದ ಕದಲಲೇ ಇಲ್ಲ. ನೀರಿನ ಬಟ್ಟಲು ಎಂಟು ಹೆಜ್ಜೆ ದೂರದಲ್ಲಿತ್ತು. ಒಂದು ಮುಂಗಾಲು ಟೈಲ್ಸ್ ಮೇಲೆ ಇಟ್ಟ, ಅದು ಜಾರಿತು, ವಾಪಸ್ ಎಳೆದುಕೊಂಡ. ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಬಾಯಾರಿ ನಾಲಿಗೆ ಹೊರಗೆ ಬಿದ್ದಿತ್ತು, ಆದರೂ ಮ್ಯಾಟ್ ಬಿಟ್ಟು ಇಳಿಯಲಿಲ್ಲ. ಕೊನೆಗೆ ಬಚ್ಚಲುಮನೆ, ಅಡುಗೆಮನೆಯಲ್ಲಿದ್ದ ಮ್ಯಾಟ್‌ಗಳನ್ನೆಲ್ಲ ತಂದು ಬಟ್ಟಲಿನ ತನಕ ಸಾಲಾಗಿ ಹಾಸಿದೆವು. ಒಂದೊಂದನ್ನೂ ಮೂಸಿ ನೋಡುತ್ತಾ ನಡೆದು ಹೋಗಿ ಬಟ್ಟಲು ಖಾಲಿ ಮಾಡಿದ.

ಅಂದರೆ, ನಾಯಿ ಬರುವ ಮುಂಚೆಯೇ ಅದು ಓಡಾಡುವ ದಾರಿಗೆಲ್ಲ ಅಡಿಯಲ್ಲಿ ರಬ್ಬರ್ ಇರುವ, ಜಾರದ ಮ್ಯಾಟ್ ಹಾಸಿ. ಮನೆಪೂರ್ತಿ ಬೇಡ, ಹಾಸಿಗೆ, ನೀರು, ಬಾಗಿಲು ಇವಕ್ಕೆ ದಾರಿ ಆದರೆ ಸಾಕು. ಉಗುರು ಉದ್ದ ಇದ್ದರೂ ಜಾರುತ್ತದೆ, ಪಾದದ ಅಡಿ ಕೂದಲು ಬೆಳೆದಿದ್ದರೂ ಜಾರುತ್ತದೆ, ಎರಡನ್ನೂ ಕತ್ತರಿಸುತ್ತಿರಬೇಕು. ಹಾಸಿಗೆ ದಪ್ಪ ಇರಲಿ. ನಿಮ್ಮ ಮೊಣಕಾಲೂರಿ ಒತ್ತಿ ನೋಡಿ, ನೆಲ ತಾಗಿದರೆ ಅದು ತೆಳು ಅಂತ ಅರ್ಥ. ತೂಕದ ನಾಯಿ ಗಟ್ಟಿ ನೆಲದಲ್ಲಿ ಮಲಗಿ ಮಲಗಿ ಮೊಣಕೈ ಹತ್ತಿರ ಚರ್ಮ ಗಟ್ಟಿಯಾಗುತ್ತದೆ, ನೀರು ತುಂಬಿ ಊದಿಕೊಳ್ಳುತ್ತದೆ. ಎದ್ದೇಳಲು ಆಗದ ನಾಯಿಗಂತೂ ಹುಣ್ಣೇ ಆಗುತ್ತದೆ, ಅದನ್ನು ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು.

ಎತ್ತುವುದನ್ನು ಮೊದಲೇ ಕಲಿತುಕೊಳ್ಳಿ. ಬೆನ್ನ ಮೇಲೆ ಹಿಡಿ ಇರುವ ಹಾರ್ನೆಸ್, ಅಂದರೆ ಎದೆಗೆ ಸುತ್ತಿ ಕಟ್ಟುವ ಪಟ್ಟಿ, ಕೊಳ್ಳಿ, ಹಿಂಗಾಲಿಗೆ ಬಲವಿಲ್ಲದಿದ್ದರೆ ಸೊಂಟಕ್ಕೂ ಒಂದು. ತುರ್ತಿಗೆ ದೊಡ್ಡ ಟವೆಲನ್ನು ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ ಹಾಕಿ ಎರಡು ಕಡೆ ಹಿಡಿದರೂ ನಡೆಯುತ್ತದೆ, ಆದರೆ ಗಂಡು ನಾಯಿಗೆ ಟವೆಲ್ ಅಡ್ಡ ಬಂದು ಉಚ್ಚೆ ಮಾಡಲು ಆಗುವುದಿಲ್ಲ, ಅದಕ್ಕೆ ಸೊಂಟದ ಹಾರ್ನೆಸ್ಸೇ ಒಳ್ಳೆಯದು. ಪೂರ್ತಿ ಎತ್ತುವುದಾದರೆ ಇಬ್ಬರು ಬೇಕು, ಒಬ್ಬರು ಎದೆಯ ಹತ್ತಿರ, ಇನ್ನೊಬ್ಬರು ಸೊಂಟದ ಹತ್ತಿರ, ಇಬ್ಬರೂ ಮೊಣಕಾಲು ಮಡಿಸಿ ಒಟ್ಟಿಗೆ ಏಳಬೇಕು. ಕಾರಿಗೆ ಇಳಿಜಾರು ಹಲಗೆ ಮಾಡಿಸಿ, ಜಾರದಂತೆ ಅದರ ಮೇಲೂ ಮ್ಯಾಟ್ ಅಂಟಿಸಿ.

ಮೊದಲ ಕೆಲವು ದಿನ ಯಾರನ್ನೂ ಮನೆಗೆ ಕರೆಯಬೇಡಿ. ಮೂರು ದಿನ ಗಾಬರಿ, ಮೂರು ವಾರದಲ್ಲಿ ಮನೆಯ ಪದ್ಧತಿ ಅರ್ಥವಾಗುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅನಿಸುತ್ತದೆ ಅಂತ ನಾಯಿ ಸಾಕುವವರು ಹೇಳುತ್ತಾರೆ. ಅಂದಾಜಿಗೆ ಅದು ಸರಿ, ಕೆಲವು ನಾಯಿಗೆ ಇನ್ನೂ ಜಾಸ್ತಿ ಬೇಕು. ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಆಹಾರವನ್ನೇ ಮೊದಲು ಕೊಡಿ, ಬದಲಿಸುವುದಾದರೆ ಒಂದು ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬದಲಿಸಿ. ಔಷಧಿಯ ಹೊತ್ತು ತಪ್ಪಬಾರದು. ಹೊರಗೆ ಹೋಗುವಾಗ ಕೊರಳಪಟ್ಟಿಗೊಂದು, ಹಾರ್ನೆಸ್‌ಗೊಂದು ಅಂತ ಎರಡು ಹಗ್ಗ ಕಟ್ಟಿ, ಹೆದರಿದ ನಾಯಿ ಒಂದರಿಂದ ಹಿಂದಕ್ಕೆ ಜಗ್ಗಿ ನುಣುಚಿಕೊಂಡರೂ ಇನ್ನೊಂದು ನಿಮ್ಮ ಕೈಯಲ್ಲಿರುತ್ತದೆ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಮೊದಲ ಭೇಟಿ ಹೊರಗೆ, ಇಬ್ಬರು ಎರಡು ನಾಯಿ ಹಿಡಿದು ದೂರದಲ್ಲಿ ಒಂದೇ ದಿಕ್ಕಿಗೆ ನಡೆಯುತ್ತಾ ಆಗಲಿ.

ಕಿವಿ ಕೇಳಿಸದ ನಾಯಿಯನ್ನು ಮಲಗಿದ್ದಾಗ ದಿಢೀರ್ ಅಂತ ಮುಟ್ಟಬೇಡಿ. ಗಾಬರಿಯಿಂದ ಎದ್ದು ಕಚ್ಚಬಹುದು, ದೊಡ್ಡ ನಾಯಿಯ ಬಾಯಿ ಅಂದರೆ ಆಟವಲ್ಲ. ನಾವು ಕಾಲಿಂದ ನೆಲವನ್ನು ಎರಡು ಸಲ ತಟ್ಟುತ್ತೇವೆ, ಕಂಪನಕ್ಕೆ ಗಜ ಏಳುತ್ತಾನೆ, ಎದ್ದ ಕೂಡಲೇ ಒಂದು ತಿಂಡಿ ತುಣುಕು. ಮೂಗಿನ ಹತ್ತಿರ ಕೈ ಹಿಡಿದರೂ ವಾಸನೆಗೆ ಏಳುತ್ತಾನೆ. ಕೈಸನ್ನೆ ಕಲಿಸುವುದು ಕಷ್ಟವಲ್ಲ, ಹೆಬ್ಬೆರಳು ಎತ್ತಿದರೆ ಭೇಷ್ ಅಂತ ಅರ್ಥ, ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು ಅಷ್ಟೆ. ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಲೇಬಾರದು. ಕಣ್ಣು ಕಾಣದ ನಾಯಿಗೆ ಮೇಜು ಕುರ್ಚಿ ಜರುಗಿಸದೇ ಇರುವುದು, ಮೆಟ್ಟಿಲಿಗೆ ಅಡ್ಡಗೇಟು, ಮೆಟ್ಟಿಲ ಮುಂದೆ ಕಾಲಿಗೆ ಗೊತ್ತಾಗುವಂಥ ಮ್ಯಾಟ್, ಇಷ್ಟಿದ್ದರೆ ಅದು ಬೇಗ ಮನೆ ಕಲಿಯುತ್ತದೆ.

ಕಾಲಿಲ್ಲದ ಅಥವಾ ಸೊಂಟದ ಕೀಲು ಸವೆದ ನಾಯಿಗೆ ದಿನಾ ನಿಮ್ಮ ಕೈಲಾದ ಉಪಕಾರ ಅಂದರೆ ಅದನ್ನು ದಪ್ಪ ಆಗಲು ಬಿಡದಿರುವುದು. ನಾಯಿಯ ತೂಕದ ಸುಮಾರು ಶೇಕಡಾ 60ರಷ್ಟು ಮುಂಗಾಲುಗಳ ಮೇಲೆ ಇರುತ್ತದೆ, ಅದಕ್ಕೇ ಮುಂಗಾಲು ಕಳೆದುಕೊಂಡ ದೊಡ್ಡ ನಾಯಿಗೆ ಕಷ್ಟ ಇನ್ನೂ ಜಾಸ್ತಿ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡಿ. ನಿಮ್ಮ ಅಂಗೈಯನ್ನು ಬಿಚ್ಚಿ ಹಿಂಬದಿ ಸವರಿದಾಗ ಮೂಳೆ ಹೇಗೆ ಸಿಗುತ್ತದೋ ಹಾಗೆ ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಊಟ ಕಡಿಮೆ ಮಾಡಿ. ಪಾಪ ಕಾಲಿಲ್ಲ ಅಂತ ಬಂದವರೆಲ್ಲ ಒಂದೊಂದು ತುಣುಕು ಹಾಕುತ್ತಾರೆ, ಅವರನ್ನು ತಡೆಯಿರಿ.

ಫಿಟ್ಸ್ ಬರುವ ನಾಯಿ ಆದರೆ, ಬಂದಾಗ ಹಿಡಿದು ಅದುಮಲು ಹೋಗಬೇಡಿ. ಬಾಯಿಗೆ ಕೈ ಹಾಕಬೇಡಿ, ನಾಲಿಗೆ ನುಂಗುತ್ತದೆ ಅನ್ನೋದು ಸುಳ್ಳು. ಸುತ್ತಲಿನ ಸಾಮಾನು ಸರಿಸಿ, ತಲೆ ಬಡಿದುಕೊಳ್ಳದಂತೆ ದಿಂಬು ಇಡಿ, ಮೆಟ್ಟಿಲ ಹತ್ತಿರ ಇದ್ದರೆ ಅಡ್ಡ ನಿಲ್ಲಿ, ಗಡಿಯಾರ ನೋಡಿ. ಸಾಧ್ಯವಾದರೆ ವಿಡಿಯೊ ಮಾಡಿ, ವೈದ್ಯರಿಗೆ ಅದು ತುಂಬಾ ಉಪಯೋಗ. ಐದು ನಿಮಿಷ ದಾಟಿದರೆ, ಇಲ್ಲಾ 24 ಗಂಟೆಯೊಳಗೆ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ. ಔಷಧಿಯನ್ನು ಚೆನ್ನಾಗಿದೆಯಲ್ಲ ಅಂತ ಸುಮ್ನೆ ನಿಲ್ಲಿಸಬಾರದು, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು. ಸಾಮಾನ್ಯವಾಗಿ ಕೊಡುವ ಫಿನೋಬಾರ್ಬಿಟಾಲ್‌ನಿಂದ ಹಸಿವು, ಬಾಯಾರಿಕೆ, ಉಚ್ಚೆ ಮೂರೂ ಹೆಚ್ಚುತ್ತವೆ, ಹಸಿವಿನ ಹಿಂದೆ ತೂಕವೂ ಏರುತ್ತದೆ. ಆಗಾಗ ಲಿವರ್‌ಗೆ ರಕ್ತಪರೀಕ್ಷೆಯೂ ಬೇಕು. ಸಕ್ಕರೆ ಕಾಯಿಲೆ ಆದರೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಊಟ, ಇನ್ಸುಲಿನ್, ದಿನಕ್ಕೆ ಎರಡು ಸಲ, ಹಬ್ಬವಿರಲಿ ಮದುವೆಯಿರಲಿ.

ಎರಡು ಅಪಾಯ ಮಾತ್ರ ಮನೆಯವರೆಲ್ಲರಿಗೂ ಗೊತ್ತಿರಲೇಬೇಕು. ಎದೆ ಆಳವಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಇದೆ. ಹೊಟ್ಟೆ ಉಬ್ಬುತ್ತದೆ, ವಾಂತಿ ಮಾಡಲು ಒದ್ದಾಡುತ್ತದೆ ಆದರೆ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರುವುದಿಲ್ಲ. ಬೆಳಿಗ್ಗೆ ನೋಡೋಣ ಅನ್ನಬೇಡಿ, ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಸಂತಾನಹರಣ ಆಪರೇಷನ್ ಇನ್ನೂ ಆಗಿಲ್ಲದಿದ್ದರೆ, ಅದರ ಜೊತೆಗೇ ಹೊಟ್ಟೆ ತಿರುಚದಂತೆ ಹೊಲಿಯಬಹುದಾ ಅಂತ ವೈದ್ಯರನ್ನು ಕೇಳಿ. ಎರಡನೆಯದು, ಕುಂಟುತ್ತಿದೆ ಅಂತ ನಿಮ್ಮ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು.

ಇದನ್ನೆಲ್ಲ ಓದಿ ನನ್ನಿಂದ ಆಗಲ್ಲ ಅನಿಸಿದರೆ ಹಾಗೆ ಹೇಳುವುದರಲ್ಲಿ ಏನೂ ತಪ್ಪಿಲ್ಲ, ತಂದು ಮೂರು ವಾರಕ್ಕೆ ವಾಪಸ್ ಬಿಡುವುದು ಆ ನಾಯಿಗೆ ಎಷ್ಟೋ ಪಾಲು ಕೆಟ್ಟದ್ದು. ವಾರಕ್ಕೊಂದು ದಿನ ಶೆಲ್ಟರ್‌ಗೆ ಹೋಗಿ ಅಂಥ ಒಂದು ನಾಯಿಯನ್ನು ನಡೆಸಿಕೊಂಡು ಬಂದರೂ ಅದಕ್ಕೆ ಆ ದಿನ ಬೇರೆಯೇ ಆಗಿರುತ್ತದೆ.

ತರುವುದೇ ಅಂತ ತೀರ್ಮಾನ ಮಾಡಿದ್ದರೆ ಇವತ್ತೇ ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಾಯಿಯ ತೂಕ, ಔಷಧಿ, ಡೋಸ್, ಕೊಡುವ ಹೊತ್ತು, ವೈದ್ಯರ ನಂಬರ್, ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್. ಅದರ ಕೆಳಗೆ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಬಂದು ನಾಯಿಗೆ ಒಂದು ಕಡೆ ಕೈಕೊಟ್ಟು ಎತ್ತುವ ಇಬ್ಬರ ಹೆಸರು. ಬರೆಯುವ ಮುಂಚೆ ಅವರಿಗೆ ಫೋನ್ ಮಾಡಿ, ನಾಯಿ ಎಷ್ಟು ಕೆಜಿ ಇದೆ ಅಂತಲೂ ಹೇಳಿ.