ಏರಿನಲ್ಲಿ ಕಾರು ಹೊರಡಿಸುವಾಗ ಕ್ಲಚ್ ಸವೆಯದ ಹಾಗೆ

ಕ್ಲಚ್ ಪ್ಲೇಟ್ ಸವೆಯುವುದು ಜಾರುವಾಗ ಮಾತ್ರ. ಪೆಡಲ್ ಪೂರ್ತಿ ಒತ್ತಿದ್ದರೆ ಪ್ಲೇಟ್ ಬಿಡಿಯಾಗಿರುತ್ತದೆ. ಪೂರ್ತಿ ಬಿಟ್ಟಿದ್ದರೆ ಎಂಜಿನ್ ಜೊತೆ ತಿರುಗುವ ಚಕ್ರವಾದ ಫ್ಲೈವೀಲ್‌ಗೆ ಕಚ್ಚಿಕೊಂಡು ಅದರ ಜೊತೆಗೇ ತಿರುಗುತ್ತದೆ. ನಡುವೆ, ಹಾಫ್ ಕ್ಲಚ್‌ನಲ್ಲಿ, ಉಜ್ಜಿ ಬಿಸಿಯಾಗುತ್ತದೆ. ಏರಿನಲ್ಲಿ ಹೊರಡುವಾಗ ಈ ಜಾರಾಟವನ್ನು ಪೂರ್ತಿ ತಪ್ಪಿಸಲಾಗದು, ಒಂದೆರಡು ಸೆಕೆಂಡಿಗೆ ಇಳಿಸಬಹುದು. ಅದಕ್ಕೆ ಕಾರನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಹ್ಯಾಂಡ್ ಬ್ರೇಕಿಗೇ ಬಿಡಬೇಕು.

ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ, ಕ್ಲಚ್‌ನಿಂದ ಕಾಲು ತೆಗೆಯಿರಿ. ಹೊರಡುವಾಗ ಕ್ಲಚ್ ತಳದವರೆಗೆ ಒತ್ತಿ ಫಸ್ಟ್ ಗೇರ್ ಹಾಕಿ. ಹ್ಯಾಂಡ್ ಬ್ರೇಕ್ ಲಿವರನ್ನು ತುಸು ಮೇಲೆತ್ತಿ ತುದಿಯ ಬಟನ್ ಒತ್ತಿ ಹಿಡಿದಿರಿ, ಇಳಿಸಬೇಡಿ. ಪೆಟ್ರೋಲ್ ಕಾರಾದರೆ ಆಕ್ಸಲರೇಟರ್ 1500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ಆಸುಪಾಸು ಸಾಕು, ಡೀಸೆಲ್‌ಗೆ 1200ರಷ್ಟು. ಕಡಿದಾದ ಏರು, ತುಂಬಿದ ಗಾಡಿ ಎಂದಾದರೆ ಇನ್ನಷ್ಟು ಬೇಕಾಗುತ್ತದೆ.

ಈಗ ಕ್ಲಚ್ ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ದಪ್ಪಗಾಗುತ್ತದೆ, ಆರ್‌ಪಿಎಂ ಮುಳ್ಳು ಸ್ವಲ್ಪ ಇಳಿಯುತ್ತದೆ, ಬಾನೆಟ್ ಕೊಂಚ ಮೇಲೇಳುತ್ತದೆ. ಕ್ಲಚ್ ಕಚ್ಚಿದ ಜಾಗ ಅದೇ. ಪಾದವನ್ನು ಅಲ್ಲೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ. ಕಾರು ಕದಲುತ್ತಿದ್ದಂತೆ ಆಕ್ಸಲರೇಟರ್ ತುಸು ಹೆಚ್ಚಿಸುತ್ತಾ ಕ್ಲಚ್ ಬಿಡಿ. ಗಂಟೆಗೆ ಸುಮಾರು 10 ಕಿ.ಮೀ. ವೇಗ ಬರುವಷ್ಟರಲ್ಲಿ ಕಾಲು ಪೆಡಲ್‌ನಿಂದ ಆಚೆ ಇರಬೇಕು. ಅದರ ಮೇಲೇ ಊರಿಕೊಂಡಿದ್ದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೂಡ ಸವೆಯುತ್ತದೆ.

ಎಂಜಿನ್ ನಿಂತುಹೋದರೆ ಗಾಬರಿ ಬೇಡ. ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಮೊದಲಿನಿಂದ ಶುರು ಮಾಡಿ. ಹೆದರಿ 3000 ಆರ್‌ಪಿಎಂವರೆಗೆ ಒತ್ತಿ ಕ್ಲಚ್ ಜಾರಿಸುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಎಂಜಿನ್ ಮತ್ತು ಪ್ಲೇಟ್ ವೇಗಗಳ ಅಂತರ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಎಲ್ಲಕ್ಕಿಂತ ಹಾನಿಕರವೆಂದರೆ ಹಿಂದಕ್ಕೆ ಉರುಳುತ್ತಿರುವ ಕಾರನ್ನು ಕ್ಲಚ್‌ನಿಂದ ತಡೆಯುವುದು. ಆಗ ಪ್ಲೇಟ್ ಒಂದು ಕಡೆ, ಫ್ಲೈವೀಲ್ ಇನ್ನೊಂದು ಕಡೆ ತಿರುಗುತ್ತಿರುತ್ತವೆ. ಮೊದಲು ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿ.

ಏರಿನ ಟ್ರಾಫಿಕ್ ಜಾಮ್‌ನಲ್ಲಿ ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ನೀವೂ ಸರಿಯಬೇಡಿ. ಎರಡು ಕಾರಿನಷ್ಟು ಜಾಗವಾಗಲಿ, ಆಮೇಲೆ ಒಂದೇ ಸಲ ಹೋಗಿ. ಹಿಂದಿನವರು ಹಾರ್ನ್ ಮಾಡಿದರೂ ಸರಿಯೇ.

ಹಿಲ್ ಹೋಲ್ಡ್ ಇರುವ ಕಾರುಗಳಲ್ಲಿ ಬ್ರೇಕ್‌ನಿಂದ ಕಾಲು ತೆಗೆದ ಮೇಲೂ ಸುಮಾರು 2 ಸೆಕೆಂಡ್ ಹಿಡಿತ ಉಳಿಯುತ್ತದೆ. ಅಷ್ಟರೊಳಗೆ ಕ್ಲಚ್ ಕಚ್ಚಿಸಬೇಕು. ಹ್ಯಾಂಡ್ ಬ್ರೇಕ್ ಎಳೆದರೂ ಕಾರು ಜಾರುತ್ತಿದ್ದರೆ ಮೇಲಿನ ವಿಧಾನ ನಡೆಯುವುದಿಲ್ಲ. ಮೊದಲು ಅದನ್ನು ಸರಿಮಾಡಿಸಿ.

ಸುಟ್ಟ ವಾಸನೆ ಬಂದರೆ ಮತ್ತೆ ಪ್ರಯತ್ನಿಸದೆ ಕಾರು ನಿಲ್ಲಿಸಿ ಕ್ಲಚ್ ಚೆನ್ನಾಗಿ ಆರಲು ಬಿಡಿ. ನಾಲ್ಕನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಆಗಲೇ ಜಾರುತ್ತಿದೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸುವುದೊಂದೇ ದಾರಿ.