ಮಳೆ ನಕ್ಷತ್ರಗಳನ್ನು ಚಳಿಗಾಲದಲ್ಲಿ ಹುಡುಕುವುದು ಹೇಗೆ?

ಹೋದ ಜನವರಿಯಲ್ಲಿ ಬೆಂಗಳೂರಿನಿಂದ ಬಂದಿದ್ದ ಭಾವ ನಮ್ಮ ಕಾಫಿ ಕಣದಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಆಗ್ನೇಯದಲ್ಲಿ ಫಳಫಳ ಹೊಳೆಯುತ್ತಿದ್ದ ನಕ್ಷತ್ರದ ಕಡೆ ಬೆರಳು ಮಾಡಿ, "ಅದೇ ನೋಡ್ರೋ ಧ್ರುವ" ಎಂದರು. ಅದು ಲುಬ್ಧಕ (ಸಿರಿಯಸ್). ಧ್ರುವ ಅವರ ಬೆನ್ನ ಹಿಂದೆ, ಸಿಲ್ವರ್ ಮರಗಳ ಸಂದಿಯಲ್ಲಿ ಮಂಕಾಗಿ ಕೂತಿತ್ತು. ಈ ತಪ್ಪನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಮೊದಲು ಧ್ರುವ, ಆಮೇಲೆ ರೋಹಿಣಿ, ಆರಿದ್ರಾದಂಥ, ನಮ್ಮ ಮಳೆಗಳಿಗೆ ಹೆಸರು ಕೊಟ್ಟ ನಕ್ಷತ್ರಗಳನ್ನು ಹುಡುಕುವುದು ಹೇಗೆಂದು ಹೇಳುತ್ತೇನೆ.

ಮೊದಲು ಜಾಗ, ಸಮಯ. ಡಿಸೆಂಬರ್‌ನಿಂದ ಮಾರ್ಚ್, ಅಮಾವಾಸ್ಯೆಯ ಆಸುಪಾಸು. ಜಾಗಕ್ಕೆ ಕಾಫಿ ಕಣವೇ ಸರಿ. ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ಮಧ್ಯೆ ಚಾಪೆ ಹಾಸಿ. ಹಗಲಿಡೀ ಕಾದ ಸಿಮೆಂಟು ರಾತ್ರಿಯಾದರೂ ಬೆಚ್ಚಗಿರುತ್ತದೆ. ಕತ್ತಲು ಜಾಸ್ತಿ ಸಿಗುತ್ತದೆ ಅಂತ ತೋಟದೊಳಗೆ ಹೋಗಬೇಡಿ. ಮೂಡಿಗೆರೆ, ಬೇಲೂರು, ಸಕಲೇಶಪುರದವರಿಗೆ ಆನೆ ವಿಚಾರ ನಾನು ಹೇಳಬೇಕಿಲ್ಲ.

ಆಮೇಲೆ ಕಣ್ಣು. ಅಂಗಳದ ಬಲ್ಬು ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಸುಮ್ನೆ ಇರಿ. ನಡುವೆ ಒಂದು ಸಲ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ. ಆಕಾಶ ತೋರಿಸುವ ಆಪ್ ನನಗೆ ಸೇರುವುದಿಲ್ಲ. ಅದು ಕೈಗೆ ಬಂದರೆ ಎಲ್ಲರೂ ಪರದೆ ನೋಡುತ್ತಾರೆ, ಆಕಾಶ ನೋಡುವುದಿಲ್ಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡರೆ ಸಾಕು.

ಈಗ ಧ್ರುವ. ಎಲ್ಲರೂ ಎಡವುವುದು ಇಲ್ಲೇ. ಅದು ಎಲ್ಲಕ್ಕಿಂತ ಹೊಳೆಯುತ್ತದೆ ಅಂದುಕೊಳ್ಳುತ್ತಾರೆ. ಹೊಳಪಿನ ಪಟ್ಟಿಯಲ್ಲಿ ಮೊದಲ 40ರೊಳಗೂ ಅದಿಲ್ಲ. ಆಕಾಶದಲ್ಲಿ ತುಂಬಾ ಮೇಲಿರುತ್ತದೆ ಅಂದುಕೊಳ್ಳುತ್ತಾರೆ. ನಿಮ್ಮೂರಿನ ಅಕ್ಷಾಂಶ ಎಷ್ಟೋ, ಅದರ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ದೆಹಲಿಯಲ್ಲಿ 28 ಡಿಗ್ರಿ ದಾಟಿದರೆ, ಹಾಸನ, ಚಿಕ್ಕಮಗಳೂರಿನಲ್ಲಿ ಬರೀ 13.

ಉತ್ತರ ಯಾವ ಕಡೆ ಎಂದು ಹಗಲಲ್ಲೇ ದಿಕ್ಸೂಚಿಯಲ್ಲಿ ನೋಡಿ ಕಣದ ಅಂಚಿಗೊಂದು ಕಲ್ಲಿಡಿ. ಜೀಪಿನ ಪಕ್ಕ ನಿಂತು ನೋಡಬೇಡಿ, ಕಬ್ಬಿಣಕ್ಕೆ ಮುಳ್ಳು ತಿರುಗಿಬಿಡುತ್ತದೆ. ರಾತ್ರಿ ಆ ಕಲ್ಲಿನ ಕಡೆ ಮುಖ ಮಾಡಿ, ಕೈ ಪೂರ್ತಿ ಚಾಚಿ, ಹೆಬ್ಬೆರಳು ಮೇಲೆ ಬರುವಂತೆ ಮುಷ್ಟಿ ಹಿಡಿಯಿರಿ. ಮುಷ್ಟಿ ಸುಮಾರು 10 ಡಿಗ್ರಿ. ಅದರ ಮೇಲೆ ಇನ್ನೊಂದು ಕೈಯ 2 ಬೆರಳು ಅಡ್ಡ ಇಟ್ಟರೆ ಲೆಕ್ಕ ಸರಿಹೋಯಿತು. ಆದರೆ ಅಳತೆ ಶುರುವಾಗಬೇಕಾದದ್ದು ನಿಮ್ಮ ಕಣ್ಣಿನ ಮಟ್ಟದಿಂದ, ಗುಡ್ಡದ ನೆತ್ತಿಯಿಂದಲ್ಲ. ಉತ್ತರಕ್ಕೆ ಬಾಬಾಬುಡನ್‌ಗಿರಿ ಸಾಲು ಇರುವ ಚಿಕ್ಕಮಗಳೂರಿನವರು ಮೋಸ ಹೋಗುವುದೇ ಇಲ್ಲಿ.

ಸಿಕ್ಕಿದ್ದು ಧ್ರುವವೇ ಹೌದಾ ಎಂಬ ಅನುಮಾನವಿದ್ದರೆ ಒಂದು ಮರದ ತುದಿಗೆ ಗುರುತಿಟ್ಟು, 1 ಗಂಟೆ ಬಿಟ್ಟು ಅದೇ ಜಾಗದಿಂದ ನೋಡಿ. ಉಳಿದವು ಸರಿದಿರುತ್ತವೆ, ಇದು ಅಲ್ಲೇ ಇರುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಾದರೆ ಸಪ್ತರ್ಷಿಯ ಚೌಕದಲ್ಲಿ ಬಾಲದಿಂದ ದೂರದ ಅಂಚಿನ 2 ನಕ್ಷತ್ರಗಳಾದ ಪುಲಹದಿಂದ ಕ್ರತುವಿಗೆ ಗೆರೆ ಎಳೆದು 5 ಪಟ್ಟು ಮುಂದೆ ಹೋದರೂ ಆಯಿತು.

ಇನ್ನು ಮಳೆ ನಕ್ಷತ್ರಗಳು. ರೋಹಿಣಿ, ಆರಿದ್ರಾ ಹೆಸರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಸೂರ್ಯ ಆ ನಕ್ಷತ್ರದಲ್ಲಿರುವ 13-14 ದಿನ ಬೀಳುವ ಮಳೆಗೆ ಅದರದೇ ಹೆಸರು. ಸೂರ್ಯ ಅಲ್ಲೇ ಇರುವುದರಿಂದ ಆಗ ನಕ್ಷತ್ರ ಕಾಣುವುದಿಲ್ಲ. 6 ತಿಂಗಳು ಬಿಟ್ಟರೆ ರಾತ್ರಿಯಿಡೀ ಕಾಣುತ್ತದೆ. ಜನವರಿ ನಡುವೆ ರಾತ್ರಿ 9ಕ್ಕೆ ಮಲಗಿ ನೋಡಿ: ನೆತ್ತಿಯ ಹತ್ತಿರ ಪುಟ್ಟ ಗೊಂಚಲು ಕೃತ್ತಿಕೆ, ಅದರಿಂದ ಪೂರ್ವಕ್ಕೆ ಕೆಂಪಗೆ ರೋಹಿಣಿ, ಆಮೇಲೆ ಮೃಗಶಿರಾ, ಆರಿದ್ರಾ, ಪುನರ್ವಸು. ಮಳೆಗಳು ಬರುವ ಕ್ರಮದಲ್ಲೇ ಸಾಲು!

ಕೃತ್ತಿಕೆಗೆ 7×50 (7 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಇದ್ದರೆ ಭರ್ಜರಿ. "500 ಪಟ್ಟು ದೊಡ್ಡದಾಗಿ ಕಾಣುತ್ತದೆ" ಅಂತ ಮಾರುವ ಅಗ್ಗದ ಟೆಲಿಸ್ಕೋಪ್ ಮಾತ್ರ ಬೇಡ. ನಾನು ತರಿಸಿದ್ದರಲ್ಲಿ ಚಂದ್ರನೂ ಗಡಗಡ ನಡುಗುತ್ತಿದ್ದ. ಈಗ ಅದು ಅಟ್ಟದಲ್ಲಿದೆ.

ಆರಿದ್ರಾ ಹಿಡಿಯಲು ಪೂರ್ವಕ್ಕೆ ತಿರುಗಿ, ಒಂದೇ ಗೆರೆಯಲ್ಲಿರುವ 3 ನಕ್ಷತ್ರ ಹುಡುಕಿ. ಮಹಾವ್ಯಾಧ (ಓರಿಯನ್) ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಸೊಂಟಪಟ್ಟಿ ಅದು. ಅದರ ಎಡಕ್ಕೆ ಕೆಂಡದ ಬಣ್ಣದ್ದು ಆರಿದ್ರಾ, ಬಲಕ್ಕೆ ನೀಲಿ ಬಿಳುಪಿನದು ರೈಜೆಲ್. 2019ರ ಕೊನೆಯಲ್ಲಿ ಆರಿದ್ರಾ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿ, ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡಿತು. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು.

ಯಾವುದೇ ನಕ್ಷತ್ರ ದಿನಕ್ಕೆ 4 ನಿಮಿಷ ಮುಂಚೆ ಹುಟ್ಟುತ್ತದೆ, ತಿಂಗಳಿಗೆ 2 ಗಂಟೆ. ಹಾಗಾಗಿ ಮೇ ಕೊನೆಗೆ ಆರಿದ್ರಾ ಸೂರ್ಯನ ಬೆನ್ನಿಗೇ ಪಶ್ಚಿಮದಲ್ಲಿ ಮುಳುಗುತ್ತಿರುತ್ತದೆ. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹಿಡಿಯುವಾಗ ಅದು ಹಗಲು ಹೊತ್ತು ಮೋಡದ ಮೇಲೆಲ್ಲೋ ಇರುತ್ತದೆ, ಕಣದಲ್ಲಿ ಪಾಚಿ ಕಟ್ಟಿರುತ್ತದೆ.